ಬಿಲ್ಡ್‌ಗೆ ಕರೆ ಕೊಟ್ಟರೆ ಸಾಲದು, ಫಲಿತಾಂಶವನ್ನೂ ಕೇಳಬೇಕು

ಮಾನ್ಯ ಸಂಪಾದಕರೇ,

ಕನ್ನಡ ಪತ್ರಿಕೆಗಳ ತಂತ್ರಜ್ಞಾನ ಪುಟಗಳಲ್ಲಿ ಸಾಫ್ಟ್‌ವೇರ್ ಬಿಲ್ಡ್‌ಗಳ (ಬರೆದ ಕೋಡನ್ನು ಓಡಿಸಬಲ್ಲ ಸಾಫ್ಟ್‌ವೇರ್ ಆಗಿ ಕಟ್ಟಿ ಪರೀಕ್ಷಿಸುವ ಕೆಲಸದ) ಸ್ವಯಂಚಾಲನೆ ಬಗ್ಗೆ ಬರುವ ಬರಹಗಳು ಬಹುಪಾಲು ಒಂದೇ ಜಾಗದಲ್ಲಿ ನಿಂತುಬಿಡುತ್ತವೆ. ಬಿಲ್ಡ್ ನಡೆಸಿಕೊಡುವ ಜೆಂಕಿನ್ಸ್ ಎಂಬ ಸರ್ವರ್ ತಂತ್ರಾಂಶ ಹಾಕಿಕೊಳ್ಳಿ, ಜಾಬ್ (ಏನನ್ನು ಹೇಗೆ ಬಿಲ್ಡ್ ಮಾಡಬೇಕೆಂಬ ವಿವರ) ಮಾಡಿ, ‘ಬಿಲ್ಡ್ ನೌ’ ಒತ್ತಿ, ಹಸಿರು ಗುರುತು ನೋಡಿ. ಒಂದು ಹೆಜ್ಜೆ ಮುಂದೆ ಹೋದವು, ಅದೇ ಗುಂಡಿಯನ್ನು ಪ್ರೋಗ್ರಾಂನಿಂದ ಒತ್ತಲು ವೆಬ್ ಎಪಿಐ (ಪ್ರೋಗ್ರಾಂಗಳು ಸರ್ವರ್ ಜೊತೆ ಮಾತಾಡುವ ದಾರಿ) ಇದೆ ಎಂದು ಹೇಳಿ, ವೆಬ್ ವಿಳಾಸಕ್ಕೆ ಕರೆ ಕಳುಹಿಸುವ ಕರ್ಲ್ ಸಾಧನದ ಒಂದು ಸಾಲಿನ ಆಜ್ಞೆ ಕೊಟ್ಟು ಮುಗಿಸುತ್ತವೆ. ವಿಟಿಯುವಿನ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ) 2022ರ ಸ್ಕೀಮ್‌ನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಡೆವ್‌ಆಪ್ಸ್ (ಸಾಫ್ಟ್‌ವೇರ್ ಕಟ್ಟಿ ಬಿಡುಗಡೆ ಮಾಡುವ ಕೆಲಸದ) ಲ್ಯಾಬ್ ಇದೆ, ಅದರಲ್ಲಿ ಜೆಂಕಿನ್ಸ್ ಇದೆ. ಆ ವಿದ್ಯಾರ್ಥಿಗಳು ಓದುವುದು ಇಂಥ ಬರಹಗಳನ್ನೇ. ಕೆಲಸಕ್ಕೆ ಸೇರಿದ ಮೇಲೆ ಅವರು ಎದುರಿಸುವ ತೊಂದರೆಗಳೆಲ್ಲ ಆ ಒಂದು ಸಾಲಿನ ಆಚೆಗಿವೆ. ಆದ್ದರಿಂದ ಈ ಪತ್ರ ಸ್ವಲ್ಪ ಉದ್ದವಾಗಿದೆ. ದಯವಿಟ್ಟು ಕತ್ತರಿಸದೆ ಪ್ರಕಟಿಸಬೇಕೆಂದು ಕೋರುತ್ತೇನೆ.

ಮೊದಲು ಕರೆಯ ವಿಷಯ. ಜೆಂಕಿನ್ಸ್‌ನಲ್ಲಿ ಪ್ರತಿ ಜಾಬ್‌ಗೂ ಒಂದು ವೆಬ್ ವಿಳಾಸ ಇರುತ್ತದೆ. ಅದರ ಕೊನೆಗೆ ಓರೆಗೆರೆ ಹಾಕಿ ‘ಬಿಲ್ಡ್’ ಎಂದು ಸೇರಿಸಿ ಪೋಸ್ಟ್ (ಸರ್ವರ್‌ಗೆ ಕೆಲಸವೊಂದನ್ನು ಮಾಡು ಎಂದು ಹೇಳುವ) ವಿಧಾನದಲ್ಲಿ ಕಳುಹಿಸಿದರೆ ಬಿಲ್ಡ್‌ಗೆ ಬೇಡಿಕೆ ಹೋಗುತ್ತದೆ. ಕರೆಯುವಾಗ ಕೊಡಬೇಕಾದ ಮೌಲ್ಯಗಳು, ಅಂದರೆ ಪ್ಯಾರಾಮೀಟರ್‌ಗಳು, ಜಾಬ್‌ಗೆ ಇದ್ದರೆ ‘ಬಿಲ್ಡ್‌ವಿತ್‌ಪ್ಯಾರಾಮೀಟರ್ಸ್’ ಎಂದು ಸೇರಿಸಬೇಕು. ಇಂಗ್ಲಿಷಿನಲ್ಲಿ ಬರೆಯುವಾಗ ಇದು ಖಾಲಿ ಜಾಗವಿಲ್ಲದ ಒಂದೇ ಪದ, ‘ವಿತ್’ ಮತ್ತು ‘ಪ್ಯಾರಾಮೀಟರ್ಸ್’ಗಳ ಮೊದಲಕ್ಷರ ದೊಡ್ಡದು. ಪ್ಯಾರಾಮೀಟರ್ ಇರುವ ಜಾಬ್‌ಗೆ ಬರೀ ‘ಬಿಲ್ಡ್’ ಎಂದು ಕಳುಹಿಸಿದರೆ 400 ಬರುತ್ತದೆ (ಇದು ಸರ್ವರ್ ಕೊಡುವ ಉತ್ತರದ ಸಂಖ್ಯೆ; 2ರಿಂದ ಶುರುವಾದರೆ ಸರಿ, 4ರಿಂದಾದರೆ ಕೋರಿಕೆಯಲ್ಲಿ ತಪ್ಪು), ಜೊತೆಗೆ ‘ನಥಿಂಗ್ ಈಸ್ ಸಬ್ಮಿಟೆಡ್’ ಎಂಬ ಮಾತು. ಅದೇ ವಿಳಾಸವನ್ನು ಬ್ರೌಸರ್‌ನಲ್ಲಿ ಹಾಕಿ ನೋಡಿದರೆ 405, ಏಕೆಂದರೆ ಬ್ರೌಸರ್ ಕಳುಹಿಸುವುದು ಗೆಟ್, ಅಂದರೆ ಪುಟ ತೋರಿಸು ಎಂಬ ಕೋರಿಕೆ. ಜಾಬ್ ಫೋಲ್ಡರ್ ಒಳಗಿದ್ದರೆ ಪ್ರತಿ ಮಟ್ಟಕ್ಕೂ ‘ಜಾಬ್’ ಎಂಬ ಪದ ಮತ್ತೆ ಬರಬೇಕು: ಜಾಬ್, ಫೋಲ್ಡರಿನ ಹೆಸರು, ಮತ್ತೆ ಜಾಬ್, ಜಾಬಿನ ಹೆಸರು. ಮಲ್ಟಿಬ್ರಾಂಚ್ ಪೈಪ್‌ಲೈನ್ (ಕೋಡಿನ ಪ್ರತಿ ಬ್ರಾಂಚಿಗೂ, ಅಂದರೆ ಕವಲಿಗೂ, ಒಂದು ಜಾಬ್) ಆಗಿದ್ದು ಬ್ರಾಂಚ್ ಹೆಸರಿನಲ್ಲೇ ಓರೆಗೆರೆ ಇದ್ದರೆ ಇನ್ನೊಂದು ತೊಡಕು. ಜೆಂಕಿನ್ಸ್ ಆ ಓರೆಗೆರೆಯನ್ನು ಮೊದಲೇ ಶೇಕಡಾ ಚಿಹ್ನೆ, 2, ಎಫ್ ಎಂದು ಬದಲಿಸಿ ಜಾಬಿನ ಹೆಸರಾಗಿ ಇಟ್ಟುಕೊಂಡಿರುತ್ತದೆ. ವಿಳಾಸದಲ್ಲಿ ಆ ಶೇಕಡಾ ಚಿಹ್ನೆಯನ್ನೂ ಮತ್ತೊಮ್ಮೆ ಬದಲಿಸಬೇಕು, ಆಗ ಅದು ಶೇಕಡಾ ಚಿಹ್ನೆ, 25, 2, ಎಫ್ ಆಗುತ್ತದೆ. ಒಂದೇ ಸಲ ಬದಲಿಸಿದವರಿಗೆ 404 ಸಿಗುತ್ತದೆ. ಬ್ರಾಂಚ್ ಕಣ್ಣೆದುರೇ ಇದೆ, ಸರ್ವರ್ ಮಾತ್ರ ಇಲ್ಲ ಎನ್ನುತ್ತದೆ.

ಗುರುತಿನ ವಿಷಯಕ್ಕೆ ಬರೋಣ. ಲಾಗಿನ್ ಪಾಸ್‌ವರ್ಡ್ ಬಳಸಬಾರದು. ಬಳಕೆದಾರರ ಪುಟದಿಂದ ಎಪಿಐ ಟೋಕನ್ (ಪಾಸ್‌ವರ್ಡ್ ಬದಲಿಗೆ ಪ್ರೋಗ್ರಾಂಗಳು ಬಳಸುವ ರಹಸ್ಯ ಸಂಕೇತ) ಪಡೆದು, ಬಳಕೆದಾರರ ಹೆಸರು ಮತ್ತು ಟೋಕನ್ ಎರಡನ್ನೂ ಬೇಸಿಕ್ ಅಥೆಂಟಿಕೇಶನ್ ಹೆಡರಿನಲ್ಲಿ (ಕರೆಯ ಜೊತೆ ಹೋಗುವ ಮಾಹಿತಿ ಸಾಲಿನಲ್ಲಿ) ಕಳುಹಿಸಬೇಕು. ಪಾಸ್‌ವರ್ಡ್ ಬಳಸಿದರೆ ‘ಕ್ರಂಬ್’ ಎಂಬ ಇನ್ನೊಂದು ರಹಸ್ಯ ಸಂಕೇತವನ್ನು (ಬೇರೆ ಜಾಲತಾಣ ನಿಮ್ಮ ಹೆಸರಲ್ಲಿ ನಕಲಿ ಕರೆ ಕೊಡದಂತೆ ತಡೆಯುವುದು) ಮೊದಲು ಪಡೆದು ಸೇರಿಸಬೇಕು, ಇಲ್ಲದಿದ್ದರೆ ‘ನೋ ವ್ಯಾಲಿಡ್ ಕ್ರಂಬ್’ ಎಂಬ 403 (ಪ್ರವೇಶವಿಲ್ಲ) ಬರುತ್ತದೆ. ಜೆಂಕಿನ್ಸ್ 2.176.2 ಆವೃತ್ತಿಯಿಂದ ಆ ಕ್ರಂಬ್ ಅದನ್ನು ಪಡೆದ ಸೆಷನ್‌ಗೇ (ಆ ಲಾಗಿನ್‌ನ ಅವಧಿಗೇ) ಅಂಟಿಕೊಂಡಿದೆ. ಸೆಷನ್ನಿನ ಗುರುತಾದ ಕುಕಿಯನ್ನು ಉಳಿಸಿಕೊಳ್ಳದೆ ಬರೀ ಕ್ರಂಬ್ ಕಳುಹಿಸುವ ಹಳೆಯ ಸ್ಕ್ರಿಪ್ಟ್‌ಗಳು ಅಲ್ಲಿಂದ ಮುಂದೆ ಸೋಲತೊಡಗಿದ್ದು ಇದೇ ಕಾರಣಕ್ಕೆ. ಇದನ್ನು ಸರಿಪಡಿಸಲು ಕ್ರಂಬ್ ರಕ್ಷಣೆಯನ್ನೇ ಆರಿಸಿಬಿಡಿ ಎಂದು ಅಂತರ್ಜಾಲದಲ್ಲಿ ಇವತ್ತಿಗೂ ಸಲಹೆ ಸಿಗುತ್ತದೆ. ಅದು ಅಪಾಯಕಾರಿ ಸಲಹೆ, ಯಾರೂ ಪಾಲಿಸಬಾರದು. ಎಪಿಐ ಟೋಕನ್ ಬಳಸಿದರೆ 2.96ರಿಂದ ಈಚೆಗೆ ಕ್ರಂಬ್ ಬೇಕಾಗಿಯೇ ಇಲ್ಲ. 2.129ರ ನಂತರ ಒಬ್ಬ ಬಳಕೆದಾರರಿಗೆ ಹಲವು ಟೋಕನ್‌ಗಳನ್ನು ಬೇರೆಬೇರೆ ಹೆಸರಿನಲ್ಲಿ ಮಾಡಿಕೊಳ್ಳಬಹುದು, ಒಂದನ್ನು ರದ್ದುಮಾಡಿದರೆ ಉಳಿದವಕ್ಕೆ ಧಕ್ಕೆಯಿಲ್ಲ. ಕರೆ ಕೊಡುವ ಪ್ರತಿ ಪ್ರೋಗ್ರಾಂಗೂ ಒಂದು ಟೋಕನ್ ಇರಲಿ. ಆ ಖಾತೆಗೆ ಜಾಬ್ ಓದುವ ಅನುಮತಿ, ಬಿಲ್ಡ್ ಮಾಡುವ ಅನುಮತಿ ಎರಡೂ ಬೇಕು. ಓದುವ ಅನುಮತಿ ಇಲ್ಲದವರಿಗೆ ಸರ್ವರ್ 403 ಎನ್ನುವುದಿಲ್ಲ, 404 ಎನ್ನುತ್ತದೆ. ಜಾಬ್ ಇದೆ ಎಂಬುದೇ ಅವರಿಗೆ ಗೊತ್ತಾಗಬಾರದು ಎಂಬುದು ಇದರ ಹಿಂದಿನ ಉದ್ದೇಶ. ಹೊಸಬರು ವಿಳಾಸ ತಪ್ಪಿದೆಯೆಂದು ಗಂಟೆಗಟ್ಟಲೆ ಅಕ್ಷರ ಅಕ್ಷರ ನೋಡುತ್ತ ಕೂರುತ್ತಾರೆ.

ಕರೆ ಕೊಡುವ ಸ್ಕ್ರಿಪ್ಟಿನಲ್ಲೇ ಇರುವ ಒಂದು ಕೊರತೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ಕರ್ಲ್ ಎಂಬ ಸಾಧನಕ್ಕೆ ಸರ್ವರ್‌ನಿಂದ ಏನಾದರೂ ಉತ್ತರ ಬಂದರೆ ಸಾಕು, ಅದು 403 ಇರಲಿ 404 ಇರಲಿ, ತಾನು ಗೆದ್ದೆನೆಂದು 0 ಹಿಂತಿರುಗಿಸುತ್ತದೆ. ‘ಫೇಲ್’ ಆಯ್ಕೆ ಕೊಟ್ಟರೆ ಮಾತ್ರ 22 ಎಂಬ ದೋಷಸಂಖ್ಯೆ ಬರುತ್ತದೆ. ಎಚ್‌ಟಿಟಿಪಿ ವಿಳಾಸಕ್ಕೆ ಕರೆ ಹೋಗಿ ಸರ್ವರ್ ಎಚ್‌ಟಿಟಿಪಿಎಸ್ ಕಡೆಗೆ 301 (ಬೇರೆ ವಿಳಾಸಕ್ಕೆ ಹೋಗು) ತೋರಿಸಿದರೂ ಹೀಗೆಯೇ. ಹಿಂಬಾಲಿಸುವ ಆಯ್ಕೆ ಇಲ್ಲದಿದ್ದರೆ ಕರೆ ಅಲ್ಲೇ ನಿಲ್ಲುತ್ತದೆ, ಇದ್ದರೆ ಸಾಮಾನ್ಯವಾಗಿ ಪೋಸ್ಟ್ ಹೋಗಿ ಗೆಟ್ ಆಗುತ್ತದೆ. ಸ್ಕ್ರಿಪ್ಟ್ ‘ಮುಗಿಯಿತು’ ಎನ್ನುತ್ತದೆ, ಬಿಲ್ಡ್ ಮಾತ್ರ ಶುರುವೇ ಆಗಿರುವುದಿಲ್ಲ. ಉತ್ತರದ ಸಂಖ್ಯೆ 201 (ಬೇಡಿಕೆ ದಾಖಲಾಯಿತು) ಹೌದೇ ಎಂದು ನೋಡದ ಸ್ಕ್ರಿಪ್ಟನ್ನು ಯಾವ ಕೆಲಸಕ್ಕೂ ನಂಬಬಾರದು.

ಇನ್ನು 201 ಬಂದಾಗ ಏನಾಗಿರುತ್ತದೆ ಎಂಬುದೇ ಈ ಪತ್ರದ ಮುಖ್ಯ ವಿಷಯ. ಅದು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಸಿಗುವ ಚೀಟಿಯಂತೆ. ನಿಮ್ಮ ಹೆಸರು ಬರೆದುಕೊಂಡಿದ್ದಾರೆ, ವೈದ್ಯರು ಇನ್ನೂ ನೋಡಿಲ್ಲ. ಉತ್ತರದ ‘ಲೊಕೇಶನ್’ ಹೆಡರಿನಲ್ಲಿ ಸರತಿಯ ವಿಳಾಸವೊಂದು ಬಂದಿರುತ್ತದೆ. ಅದರಲ್ಲಿರುವುದು ಸರತಿಯ ಸಂಖ್ಯೆ. ಬಿಲ್ಡ್ ಸಂಖ್ಯೆ ಆ ಹೊತ್ತಿಗೆ ಇನ್ನೂ ಹುಟ್ಟಿರುವುದಿಲ್ಲ. ಬಹಳ ಜನ ಈ ಹೆಡರನ್ನು ಕಡೆಗಣಿಸಿ, ಜಾಬಿನ ‘ಲಾಸ್ಟ್ ಬಿಲ್ಡ್’ ಕೇಳಿ ಅದರ ಫಲಿತಾಂಶವನ್ನು ತಮ್ಮದೆಂದು ತೆಗೆದುಕೊಳ್ಳುತ್ತಾರೆ. ಜೆಂಕಿನ್ಸ್‌ನಲ್ಲಿ ‘ಕ್ವೈಟ್ ಪೀರಿಯಡ್’ ಎಂಬ ಕಾಯುವ ಅವಧಿ ಇದೆ, ಸಾಮಾನ್ಯವಾಗಿ 5 ಸೆಕೆಂಡ್. ಆ 5 ಸೆಕೆಂಡ್‌ನೊಳಗೆ ‘ಲಾಸ್ಟ್ ಬಿಲ್ಡ್’ ಕೇಳಿದರೆ ಸಿಗುವುದು ಹಿಂದಿನ ಬಿಲ್ಡ್. ಅದು ಗೆದ್ದಿದ್ದರೆ ನಿಮ್ಮದೂ ಗೆದ್ದಂತೆ ವರದಿಯಾಗುತ್ತದೆ. ಸೋತಿರುವ ಕೋಡ್ ಗ್ರಾಹಕರ ಸರ್ವರ್‌ಗೆ ಹೋಗುವ ದಾರಿಗಳಲ್ಲಿ ಇದು ತೀರಾ ಸಾಮಾನ್ಯವಾದದ್ದು, ಮತ್ತು ಪತ್ತೆಹಚ್ಚಲು ಕಷ್ಟವಾದದ್ದು, ಏಕೆಂದರೆ ಲಾಗ್‌ನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಸರಿಯಾದ ಕ್ರಮ ಹೀಗಿದೆ. ಸರತಿಯ ವಿಳಾಸದ ಕೊನೆಗೆ ‘ಎಪಿಐ’, ಓರೆಗೆರೆ, ‘ಜೇಸನ್’ ಎಂದು ಸೇರಿಸಿ ಆಗಾಗ ಕೇಳಬೇಕು. ಕಾಯುತ್ತಿರುವಾಗ ಉತ್ತರದ ‘ವೈ’ (ಏಕೆ) ಎಂಬ ಕಾಲಂನಲ್ಲಿ ಕಾರಣ ಇರುತ್ತದೆ: ಕ್ವೈಟ್ ಪೀರಿಯಡ್ ಮುಗಿದಿಲ್ಲ, ಖಾಲಿ ಎಕ್ಸಿಕ್ಯೂಟರ್ (ಬಿಲ್ಡ್ ಓಡಿಸುವ ಜಾಗ) ಇಲ್ಲ, ಅಥವಾ ಕೇಳಿದ ಲೇಬಲ್‌ನ (ಯಂತ್ರಗಳಿಗೆ ಕೊಟ್ಟ ಗುರುತುಹೆಸರಿನ) ಯಂತ್ರವೇ ಇಲ್ಲ. ಇದನ್ನು ನಿಮ್ಮ ಪ್ರೋಗ್ರಾಂ ಪರದೆಯ ಮೇಲೆ ತೋರಿಸಬೇಕು. ಲೇಬಲ್ ತಪ್ಪಾಗಿ ಬರೆದ ಜಾಬ್ ಯಾವತ್ತಿಗೂ ಶುರುವಾಗುವುದಿಲ್ಲ, ‘ವೈ’ ಓದದವರು ಅದನ್ನು ದಿನವಿಡೀ ಕಾಯುತ್ತಾರೆ. ಸರತಿಯಿಂದ ಹೊರಬಂದ ಮೇಲೆ ಉತ್ತರದಲ್ಲಿ ‘ಎಕ್ಸಿಕ್ಯೂಟಬಲ್’ ಎಂಬ ಭಾಗ ಕಾಣಿಸಿಕೊಂಡು, ಅದರೊಳಗೆ ಬಿಲ್ಡ್ ಸಂಖ್ಯೆ ಮತ್ತು ವಿಳಾಸ ಸಿಗುತ್ತವೆ. ಯಾರಾದರೂ ಸರತಿಯಲ್ಲೇ ರದ್ದು ಮಾಡಿದ್ದರೆ ಅದು ಬರುವುದಿಲ್ಲ, ‘ಕ್ಯಾನ್ಸಲ್ಡ್’ ನಿಜ ಎಂದು ಬರುತ್ತದೆ. ಇಲ್ಲಿ ಗಡುವೊಂದಿದೆ. ಸರತಿಯಿಂದ ಹೊರಬಿದ್ದ ನಮೂದನ್ನು ಜೆಂಕಿನ್ಸ್ ಸುಮಾರು 5 ನಿಮಿಷ ಮಾತ್ರ ನೆನಪಿಟ್ಟುಕೊಳ್ಳುತ್ತದೆ. 10 ನಿಮಿಷಕ್ಕೊಮ್ಮೆ ಕೇಳುವ ಪ್ರೋಗ್ರಾಂ ಬರೆದರೆ ಕೊಂಡಿ ತಪ್ಪಿಹೋಗಿ 404 ಸಿಗುತ್ತದೆ. ಆದ್ದರಿಂದ ಸರತಿಯಲ್ಲಿರುವಷ್ಟು ಹೊತ್ತು ಬೇಗಬೇಗ ಕೇಳಿ. ಬಿಲ್ಡ್ ಸಂಖ್ಯೆ ಸಿಕ್ಕೊಡನೆ ಬರೆದಿಟ್ಟುಕೊಂಡು, ಅಲ್ಲಿಂದ ಮುಂದೆ ನಿಧಾನಕ್ಕೆ ಕೇಳಬಹುದು.

ಬಿಲ್ಡ್ ಓಡುತ್ತಿರುವಾಗ ‘ಬಿಲ್ಡಿಂಗ್’ ನಿಜವಾಗಿರುತ್ತದೆ, ‘ರಿಸಲ್ಟ್’ ಸಾಮಾನ್ಯವಾಗಿ ಖಾಲಿ ಇರುತ್ತದೆ. ಮುಗಿದ ಮೇಲೆ ಸಕ್ಸಸ್, ಅನ್‌ಸ್ಟೇಬಲ್, ಫೇಲ್ಯೂರ್, ಅಬಾರ್ಟೆಡ್, ನಾಟ್ ಬಿಲ್ಟ್ ಈ ಐದರಲ್ಲಿ ಒಂದು ಬರುತ್ತದೆ. ‘ಫೇಲ್ಯೂರ್ ಅಲ್ಲದಿದ್ದರೆ ಮುಂದುವರಿ’ ಎಂದು ಬರೆದ ಕೋಡ್‌ನಲ್ಲಿ ಅರ್ಧದಲ್ಲಿ ನಿಲ್ಲಿಸಿದ ಬಿಲ್ಡ್ ಕೂಡ ಪಾಸಾಗಿಬಿಡುತ್ತದೆ, ಟೆಸ್ಟ್‌ಗಳು ಬಿದ್ದ ಅನ್‌ಸ್ಟೇಬಲ್ ಕೂಡ. ‘ಸಕ್ಸಸ್ ಆಗಿದ್ದರೆ ಮಾತ್ರ ಮುಂದುವರಿ’ ಎಂದೇ ಬರೆಯಬೇಕು. ಕೇಳುವಾಗ ‘ಟ್ರೀ’ ಎಂಬ ಪ್ಯಾರಾಮೀಟರ್ ಕೊಟ್ಟು ಸಂಖ್ಯೆ, ಬಿಲ್ಡಿಂಗ್, ರಿಸಲ್ಟ್ ಈ ಮೂರನ್ನಷ್ಟೇ ತರಿಸಿಕೊಳ್ಳಿ. ಇಲ್ಲವಾದರೆ ಪ್ರತಿ ಸಲವೂ ಬದಲಾದ ಫೈಲುಗಳ ಪಟ್ಟಿ ಸಮೇತ ದೊಡ್ಡ ಉತ್ತರ ಬಂದು ಸರ್ವರ್‌ಗೆ ವೃಥಾ ಹೊರೆ. ಲಾಗ್ ಬೇಕಿದ್ದರೆ ‘ಪ್ರೋಗ್ರೆಸಿವ್ ಟೆಕ್ಸ್ಟ್’ ವಿಳಾಸವಿದೆ. ಎಲ್ಲಿಯವರೆಗೆ ಓದಿದ್ದೀರೆಂದು ಬೈಟ್‌ಗಳಲ್ಲಿ ಹೇಳಿದರೆ ಉಳಿದದ್ದನ್ನು ಮಾತ್ರ ಕಳುಹಿಸುತ್ತದೆ, ಇನ್ನೂ ಇದೆಯೇ ಎಂಬುದನ್ನು ಹೆಡರಿನಲ್ಲಿ ತಿಳಿಸುತ್ತದೆ.

ಪ್ಯಾರಾಮೀಟರ್‌ಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಜಾಬ್‌ನಲ್ಲಿ ಘೋಷಿಸದ ಪ್ಯಾರಾಮೀಟರ್ ಕಳುಹಿಸಿದರೆ ಜೆಂಕಿನ್ಸ್ ಅದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ದೋಷ ಎನ್ನುವುದಿಲ್ಲ. ಹೆಸರಿನಲ್ಲಿ ದೊಡ್ಡಕ್ಷರ ಸಣ್ಣಕ್ಷರ ವ್ಯತ್ಯಾಸವಾದರೂ ಅದೇ ಗತಿ. ನೀವು ಕೇಳಿದ ಬ್ರಾಂಚಿನ ಬದಲು ಪೂರ್ವನಿಯೋಜಿತ ಬ್ರಾಂಚ್ ಬಿಲ್ಡ್ ಆಗಿ, 201 ಬಂದು, ಸಕ್ಸಸ್ ಕೂಡ ಬರುತ್ತದೆ. ಇದಕ್ಕೆ ಒಂದೇ ಮದ್ದು: ಬಿಲ್ಡ್ ಮುಗಿದ ಮೇಲೆ ಅದು ಯಾವ ಕಮಿಟ್‌ನಿಂದ (ಕೋಡಿನ ದಾಖಲಾದ ಯಾವ ಸ್ಥಿತಿಯಿಂದ) ಆಯಿತೆಂದು ಕೇಳಿ, ನೀವು ಕಳುಹಿಸಿದ್ದಕ್ಕೆ ಹೋಲಿಸಿ ನೋಡುವುದು. ಬ್ರಾಂಚ್ ಹೆಸರು ಕಳುಹಿಸುವ ಬದಲು 40 ಅಕ್ಷರಗಳ ಕಮಿಟ್ ಗುರುತನ್ನೇ ಕಳುಹಿಸುವುದು ಇನ್ನೂ ಒಳ್ಳೆಯದು. ಕರೆ ಹೋದ ಕ್ಷಣಕ್ಕೂ ಬಿಲ್ಡ್ ಶುರುವಾಗುವ ಕ್ಷಣಕ್ಕೂ ನಡುವೆ ಯಾರಾದರೂ ಪುಶ್ ಮಾಡಿದರೆ (ಹೊಸ ಕೋಡ್ ಸೇರಿಸಿದರೆ) ಬ್ರಾಂಚ್ ಮುಂದೆ ಸರಿದಿರುತ್ತದೆ, ಕಮಿಟ್ ಸರಿಯುವುದಿಲ್ಲ. ಮಲ್ಟಿಬ್ರಾಂಚ್‌ನಲ್ಲಿ ಹೊಸ ಬ್ರಾಂಚಿನ ಮೊದಲ ಬಿಲ್ಡ್ ಆಗುವವರೆಗೆ ಜೆಂಕಿನ್ಸ್‌ಗೆ ಅದರ ಪ್ಯಾರಾಮೀಟರ್‌ಗಳೇ ಗೊತ್ತಿರುವುದಿಲ್ಲ, ಅವು ಜೆಂಕಿನ್ಸ್‌ಫೈಲ್‌ನ (ಕೋಡಿನ ಜೊತೆಗಿರುವ ಬಿಲ್ಡ್ ಹೆಜ್ಜೆಗಳ ಫೈಲಿನ) ಒಳಗೆ ಘೋಷಿತವಾಗಿರುವುದರಿಂದ. ಮೊದಲ ಸಲ ಪ್ಯಾರಾಮೀಟರ್ ಇಲ್ಲದೆ ಓಡಿಸಿ, ಆಮೇಲೆ ಎರಡನೇ ಕರೆ ಕೊಡಬೇಕು.

ಪ್ಯಾರಾಮೀಟರಿನಲ್ಲಿ ಕನ್ನಡ ಬರೆಯುವವರಿಗೆ ಒಂದು ಮಾತು. ಬಿಡುಗಡೆಯ ಟಿಪ್ಪಣಿಯನ್ನು ಕನ್ನಡದಲ್ಲೇ ಕಳುಹಿಸಲು ಅಡ್ಡಿಯಿಲ್ಲ, ಆದರೆ ವಿಳಾಸದ ಬಾಲದಲ್ಲಿ ಸೇರಿಸಬೇಡಿ. ಯುಟಿಎಫ್-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರ ಅಥವಾ ಗುಣಿತ ಚಿಹ್ನೆಗೆ 3 ಬೈಟ್, ವಿಳಾಸದಲ್ಲಿ ಶೇಕಡಾ ರೂಪಕ್ಕೆ ತಂದಾಗ 9 ಅಕ್ಷರ. ‘ಕನ್ನಡ’ ಎಂಬ ಒಂದು ಪದಕ್ಕೆ ಒತ್ತಕ್ಷರ ಮೂಡಿಸುವ ಹಲಂತ ಚಿಹ್ನೆ ಸೇರಿ 5 ಸಂಕೇತ, 15 ಬೈಟ್, 45 ಅಕ್ಷರ. ಜೆಂಕಿನ್ಸ್ ಜೊತೆಗೇ ಬರುವ ಜೆಟ್ಟಿ ಸರ್ವರ್‌ನಲ್ಲಿ ವಿಳಾಸ ಮತ್ತು ಹೆಡರ್‌ಗಳಿಗೆ ಒಟ್ಟು ಮಿತಿ ಸಾಮಾನ್ಯವಾಗಿ 8192 ಬೈಟ್. ಅಷ್ಟು ಗಾತ್ರದ ಪದಗಳು 180ರಷ್ಟಾದರೆ ಮಿತಿ ಮುಗಿಯಿತು. ಅದೇ ಟಿಪ್ಪಣಿಯನ್ನು ಪೋಸ್ಟ್‌ನ ಒಡಲಿನಲ್ಲಿ, ಯುಟಿಎಫ್-8 ಎಂದು ಹೆಡರಿನಲ್ಲಿ ತಿಳಿಸಿ ಕಳುಹಿಸಿದರೆ ಈ ಮಿತಿ ಅಡ್ಡ ಬರುವುದಿಲ್ಲ.

ಜೆಂಕಿನ್ಸ್ ಬದಲು ಗಿಟ್‌ಹಬ್ ಆಕ್ಷನ್ಸ್ (ಕೋಡ್ ಇಡುವ ಗಿಟ್‌ಹಬ್ ತಾಣದ್ದೇ ಬಿಲ್ಡ್ ಸೇವೆ) ಬಳಸುವವರೂ ಬಹಳ ಇದ್ದಾರೆ. ಅಲ್ಲಿ ‘ವರ್ಕ್‌ಫ್ಲೋ ಡಿಸ್ಪ್ಯಾಚ್’ ಎಂಬ ಕರೆ ಇದೆ, 2020ರಲ್ಲಿ ಬಂದದ್ದು. ವರ್ಕ್‌ಫ್ಲೋ (ಬಿಲ್ಡ್ ಹೆಜ್ಜೆಗಳ) ಫೈಲಿನಲ್ಲಿ ಆ ಹೆಸರಿನ ಟ್ರಿಗರ್ ಬರೆದಿರಬೇಕು, ಮತ್ತು ಆ ಫೈಲು ರೆಪೊಸಿಟರಿಯ (ಕೋಡ್ ಭಂಡಾರದ) ಡೀಫಾಲ್ಟ್ ಬ್ರಾಂಚಿನಲ್ಲಿ ಇರಲೇಬೇಕು. ಹೊಸ ವರ್ಕ್‌ಫ್ಲೋವನ್ನು ತಮ್ಮ ಬ್ರಾಂಚಿನಲ್ಲಷ್ಟೇ ಇಟ್ಟು ಕರೆ ಕೊಟ್ಟವರಿಗೆ ಅದು ಓಡುವುದಿಲ್ಲ. ‘ರೆಫ್’ ಎಂಬಲ್ಲಿ ಬ್ರಾಂಚ್ ಅಥವಾ ಟ್ಯಾಗ್ ಹೆಸರು ಮಾತ್ರ ಕೊಡಬೇಕು, ಕಮಿಟ್ ಗುರುತು ನಡೆಯದು. ನಿರ್ದಿಷ್ಟ ಕಮಿಟ್ ಬೇಕಿದ್ದರೆ ಅದನ್ನು ಇನ್‌ಪುಟ್ ಆಗಿ ಕಳುಹಿಸಿ, ಕೋಡ್ ತರಿಸಿಕೊಳ್ಳುವ ಚೆಕ್‌ಔಟ್ ಹೆಜ್ಜೆಯಲ್ಲಿ ಬಳಸಿಕೊಳ್ಳಬೇಕು. ಖಾಸಗಿ ರೆಪೊಸಿಟರಿಗೆ ಟೋಕನ್‌ನ ಅನುಮತಿ ಸಾಲದಿದ್ದರೆ ಇಲ್ಲೂ 404 ಬರುತ್ತದೆ.

ಈ ಕರೆಗೆ 204 ಎಂಬ ಉತ್ತರ ಬಂದರೆ ಅದರ ಒಡಲು ಖಾಲಿ, ರನ್ ಸಂಖ್ಯೆ ಅದರಲ್ಲಿಲ್ಲ. ಹಾಗಾದಾಗ ಪಟ್ಟಿ ತರಿಸಿ ಮೇಲಿನದೇ ನಮ್ಮದು ಎಂದುಕೊಳ್ಳುವುದು ಜೆಂಕಿನ್ಸ್‌ನ ‘ಲಾಸ್ಟ್ ಬಿಲ್ಡ್’ ತಪ್ಪಿನ ಇನ್ನೊಂದು ರೂಪ. ಪ್ರತಿ ಕರೆಗೂ ಯುಯುಐಡಿ (ಇನ್ನೊಮ್ಮೆ ಬರದಂಥ ಉದ್ದದ ಗುರುತು) ರೂಪದ ಹೊಸ ಗುರುತೊಂದನ್ನು ಪ್ರೋಗ್ರಾಂನಲ್ಲೇ ಹುಟ್ಟಿಸಿ, ಇನ್‌ಪುಟ್ ಆಗಿ ಕಳುಹಿಸಿ, ವರ್ಕ್‌ಫ್ಲೋದ ‘ರನ್ ನೇಮ್’ ಸಾಲಿನಲ್ಲಿ ಅದನ್ನು ಸೇರಿಸಿಬಿಟ್ಟರೆ, ರನ್‌ಗಳ ಪಟ್ಟಿಯಲ್ಲಿ ಆ ಗುರುತಿನಿಂದಲೇ ಹುಡುಕಬಹುದು. ಪಟ್ಟಿಯಲ್ಲಿ ಕಾಣಿಸಲು ಕೆಲವು ಸೆಕೆಂಡ್ ತಡವಾಗುತ್ತದೆ, ಮೊದಲ ಸಲ ಸಿಗದಿದ್ದರೆ ಸೋತಿತೆಂದು ತಿಳಿಯಬಾರದು. ಎಷ್ಟು ಸಲ ಕೇಳಬಹುದೆಂಬುದಕ್ಕೂ ಮಿತಿಯಿದೆ. ಬಳಕೆದಾರರ ಟೋಕನ್‌ಗೆ ಸಾಮಾನ್ಯವಾಗಿ ಗಂಟೆಗೆ 5000 ಕರೆ. ಸೆಕೆಂಡಿಗೊಮ್ಮೆ ಕೇಳಿದರೆ ಒಂದು ಬಿಲ್ಡ್‌ಗೇ ಗಂಟೆಗೆ 3600 ಆಯಿತು, ಎರಡು ಬಿಲ್ಡ್ ಒಟ್ಟಿಗೆ ಓಡಿದರೆ ಮಿತಿ ದಾಟಿತು. ಎರಡು ಕರೆಗಳ ನಡುವಿನ ಅಂತರವನ್ನು 2 ಸೆಕೆಂಡ್‌ನಿಂದ ಶುರುಮಾಡಿ ದುಪ್ಪಟ್ಟು ಮಾಡುತ್ತ ಹೋಗಿ 30 ಸೆಕೆಂಡ್ ದಾಟದಂತೆ ಇಟ್ಟರೆ ಗಂಟೆಗೆ ಸುಮಾರು 120 ಕರೆಯಲ್ಲಿ ಕೆಲಸವಾಗುತ್ತದೆ.

ಗಿಟ್‌ಹಬ್‌ನಂಥದೇ ಇನ್ನೊಂದು ತಾಣವಾದ ಗಿಟ್‌ಲ್ಯಾಬ್ ಈ ವಿಷಯದಲ್ಲಿ ಸರಳ. ಟ್ರಿಗರ್ ಟೋಕನ್ ಮತ್ತು ರೆಫ್ ಕಳುಹಿಸಿದರೆ 201ರ ಜೊತೆಗೇ ಪೈಪ್‌ಲೈನ್ ಸಂಖ್ಯೆ ಬಂದುಬಿಡುತ್ತದೆ. ಆ ಟೋಕನ್ ಅದನ್ನು ಸೃಷ್ಟಿಸಿದವರ ಅನುಮತಿಯಲ್ಲಿ ಓಡುತ್ತದೆ ಎಂಬುದು ನೆನಪಿರಲಿ. ಸ್ಥಿತಿ ಕೇಳಲು ಬೇರೆ ಟೋಕನ್ ಬೇಕು. ಪುಶ್ ಆದಾಗ ಮಾತ್ರ ಎಂದು ನಿಯಮ ಬರೆದ ಜಾಬ್‌ಗಳು ಈ ಕರೆಗೆ ಓಡುವುದಿಲ್ಲ.

ಎಲ್ಲ ಕಡೆಗೂ ಸಮಾನವಾದ ಎರಡು ಅಪಾಯಗಳಿವೆ. ಕರೆ ಹೋಗಿ ಉತ್ತರ ಬರುವ ಮೊದಲೇ ನೆಟ್‌ವರ್ಕ್ ಕಡಿದರೆ, ಬಿಲ್ಡ್ ಶುರುವಾಗಿದೆಯೋ ಇಲ್ಲವೋ ಕರೆದವರಿಗೆ ತಿಳಿಯದು. ಪ್ರೋಗ್ರಾಂಗಳು ಸುಮ್ಮನೆ ಮತ್ತೆ ಕರೆಯುತ್ತವೆ, ಎರಡು ಬಿಲ್ಡ್ ಓಡುತ್ತವೆ. ಅದು ಬರೀ ಟೆಸ್ಟ್ ಆಗಿದ್ದರೆ ಹೋಗಲಿ, ಡೇಟಾಬೇಸ್ ಬದಲಾಯಿಸುವ ಡಿಪ್ಲಾಯ್ (ಬಳಕೆಯ ಸರ್ವರ್‌ಗೆ ಏರಿಸುವ ಕೆಲಸ) ಆಗಿದ್ದರೆ ಅನಾಹುತ. ಜೆಂಕಿನ್ಸ್ ಸರತಿಯಲ್ಲಿ ಕಾಯುತ್ತಿರುವ, ಒಂದೇ ಪ್ಯಾರಾಮೀಟರ್‌ನ ಎರಡು ಬೇಡಿಕೆಗಳನ್ನು ಒಂದಾಗಿಸುತ್ತದೆ ನಿಜ, ಆದರೆ ಮೊದಲನೆಯದು ಓಡಲು ಶುರುವಾಗಿದ್ದರೆ ಆ ರಕ್ಷಣೆ ಇಲ್ಲ. ಮೇಲೆ ಹೇಳಿದ ಯುಯುಐಡಿಯನ್ನು ಪ್ಯಾರಾಮೀಟರ್ ಮಾಡಿಕೊಂಡು, ಮತ್ತೆ ಕರೆಯುವ ಮೊದಲು ಆ ಗುರುತು ಸರತಿಯಲ್ಲಾಗಲಿ ಈಚಿನ ಬಿಲ್ಡ್‌ಗಳಲ್ಲಾಗಲಿ ಇದೆಯೇ ಎಂದು ಹುಡುಕುವುದು ದಾರಿ. ಯುಯುಐಡಿ ಪ್ರತಿ ಸಲ ಬೇರೆಯಾಗುವುದರಿಂದ ಸರತಿಯಲ್ಲಿ ಒಂದಾಗುವ ಅನುಕೂಲ ತಪ್ಪುತ್ತದೆ. ಅದಕ್ಕೇ ಮರುಕರೆಯಲ್ಲಿ ಹೊಸದನ್ನು ಹುಟ್ಟಿಸದೆ ಹಳೆಯದನ್ನೇ ಕಳುಹಿಸಬೇಕು.

ಎರಡನೆಯದು ಭದ್ರತೆ. ಎಪಿಐ ಮೂಲಕ ಬರುವ ಪ್ಯಾರಾಮೀಟರ್ ಹೊರಗಿನವರು ಬರೆದ ಪಠ್ಯ ಎಂದೇ ಭಾವಿಸಬೇಕು. ಜೆಂಕಿನ್ಸ್‌ಫೈಲ್‌ನ ಶೆಲ್ (ಆಜ್ಞೆಗಳನ್ನು ಓಡಿಸುವ) ಹೆಜ್ಜೆಯಲ್ಲಿ ಜೋಡಿ ಉದ್ಧರಣ ಚಿಹ್ನೆಯೊಳಗೆ ಪ್ಯಾರಾಮೀಟರ್ ಬರೆದರೆ, ಆ ಫೈಲಿನ ಭಾಷೆಯಾದ ಗ್ರೂವಿ ಅದನ್ನು ಮೊದಲೇ ವಿಸ್ತರಿಸಿ ಶೆಲ್‌ಗೆ ಕೊಡುತ್ತದೆ. ಬ್ರಾಂಚ್ ಹೆಸರಿನ ಜಾಗದಲ್ಲಿ ಅರ್ಧವಿರಾಮ ಹಾಕಿ ಇನ್ನೊಂದು ಆಜ್ಞೆ ಬರೆದವರ ಆಜ್ಞೆಯೂ ಓಡುತ್ತದೆ. ಒಂಟಿ ಉದ್ಧರಣ ಚಿಹ್ನೆಯೊಳಗೆ ಬರೆದು, ಶೆಲ್‌ನ ಒಳಗೆ ಆ ಹೆಸರನ್ನು ಮತ್ತೆ ಜೋಡಿ ಚಿಹ್ನೆಯಲ್ಲಿಟ್ಟರೆ ಅದು ಪರಿಸರ ಚರವಾಗಿಯೇ (ಆಜ್ಞೆಯಾಗದೆ ಬರೀ ಮೌಲ್ಯವಾಗಿ) ಉಳಿಯುತ್ತದೆ. ಗಿಟ್‌ಹಬ್‌ನಲ್ಲೂ ಇನ್‌ಪುಟ್ಟನ್ನು ನೇರ ‘ರನ್’ ಸಾಲಿನಲ್ಲಿ ಬರೆಯದೆ ‘ಎನ್ವ್’ (ಪರಿಸರ ಚರ) ಮೂಲಕ ತರಬೇಕು. ಟೋಕನ್ನನ್ನು ಕೋಡ್‌ನಲ್ಲಾಗಲಿ, ವಿಳಾಸದಲ್ಲಾಗಲಿ ಬರೆಯಬಾರದು. ವಿಳಾಸದಲ್ಲಿ ಬರೆದದ್ದು ದಾರಿಯಲ್ಲಿರುವ ಪ್ರಾಕ್ಸಿಗಳ (ಮಧ್ಯವರ್ತಿ ಸರ್ವರ್‌ಗಳ) ಲಾಗ್‌ನಲ್ಲಿ ಉಳಿಯುತ್ತದೆ. ಸಾಮಾನ್ಯ ಪ್ಯಾರಾಮೀಟರ್ ಆಗಿ ಕಳುಹಿಸಿದ ರಹಸ್ಯವೂ ಬಿಲ್ಡ್ ಪುಟದಲ್ಲಿ ಎಲ್ಲರಿಗೂ ಕಾಣುತ್ತದೆ.

ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟೇ. ಸ್ವಯಂಚಾಲನೆಯ ಬಗ್ಗೆ ಮುಂದಿನ ಲೇಖನ ಬರೆಸುವಾಗ, ಕರೆ ಕೊಟ್ಟ ನಂತರದ ಈ ಭಾಗಕ್ಕೂ ಜಾಗ ಕೊಡಿ. ಡೆವ್‌ಆಪ್ಸ್ ಲ್ಯಾಬ್ ನಡೆಸುವ ಅಧ್ಯಾಪಕರಲ್ಲೂ ಒಂದು ಕೋರಿಕೆ. ಹಸಿರು ಗುರುತಿನ ಸ್ಕ್ರೀನ್‌ಶಾಟ್‌ಗೆ ಅಂಕ ಕೊಡುವ ಬದಲು, ಕರೆ ಕೊಟ್ಟು ಫಲಿತಾಂಶ ತರುವ 60–70 ಸಾಲಿನ ಪೈಥಾನ್ ಪ್ರೋಗ್ರಾಂ ಬರೆಸಿ. ಆಮೇಲೆ ನಾಲ್ಕು ಸಲ ಓಡಿಸಿ ನೋಡಿ: ಟೋಕನ್ ರದ್ದುಮಾಡಿ ಒಮ್ಮೆ, ಇಲ್ಲದ ಲೇಬಲ್ ಕೊಟ್ಟು ಒಮ್ಮೆ, ಪ್ಯಾರಾಮೀಟರ್ ಹೆಸರಿನ ಒಂದಕ್ಷರ ಬದಲಿಸಿ ಒಮ್ಮೆ, ಓಡುತ್ತಿರುವ ಬಿಲ್ಡನ್ನು ಅರ್ಧದಲ್ಲಿ ನಿಲ್ಲಿಸಿ ಒಮ್ಮೆ. ನಾಲ್ಕರಲ್ಲೂ ಪ್ರೋಗ್ರಾಂ ಸೊನ್ನೆಯಲ್ಲದ ಸಂಖ್ಯೆಯೊಂದಿಗೆ ಮುಗಿದು, ಕಾರಣವನ್ನು ಒಂದು ಸಾಲಿನಲ್ಲಿ ಮುದ್ರಿಸಿದರೆ ಪೂರ್ಣ ಅಂಕ ಕೊಡಬಹುದು.

ಇತಿ,
ಬಿಲ್ಡ್ ಮತ್ತು ಬಿಡುಗಡೆ ವಿಭಾಗದ ಎಂಜಿನಿಯರ್,
ಬೆಂಗಳೂರು